ಅನ್ನ ಮುಂದೆ, ಗುಳಿಗೆ ಹಿಂದೆ

ಮಾದಪ್ಪ ಮಾವನನ್ನು ಕಂಡವರ ಕಣ್ಣು ಮೊದಲು ಬೀಳುತ್ತಿದ್ದುದು ಅವನ ಪಾದಗಳ ಮೇಲೆ. ಸದಾ ನೀರಲ್ಲಿ ನೆಂದು ಬೆಳ್ಳಗೆ ಸುಕ್ಕುಗಟ್ಟಿದ್ದವು, ಬೆರಳ ಸಂದಿಗಳು ಕೆಂಪಗೆ ಒಡೆದಿದ್ದವು. ಗುಂಡ್ಲುಪೇಟೆ ಕಡೆಯಿಂದ ಬಂದು ಊಟಿ ಹತ್ತಿರದ ತುಮ್ಮನಟ್ಟಿಯಲ್ಲಿ ಕ್ಯಾರೆಟ್ ಬೆಳೆಯುತ್ತಿದ್ದ. ಕಿತ್ತ ಗಡ್ಡೆಯನ್ನು ಸಿಮೆಂಟ್ ತೊಟ್ಟಿಗೆ ಸುರಿದು, ನೀರು ಬಿಟ್ಟು, ಬರಿಗಾಲಲ್ಲಿ ತುಳಿದು ಮಣ್ಣು ಬಿಡಿಸುವುದು ಆಗಿನ ಪದ್ಧತಿ. ಊಟಿಯ ಚಳಿಯಲ್ಲಿ ಆ ನೀರಿಗೆ ಬೆರಳು ಅದ್ದಲೂ ನನಗೆ ಧೈರ್ಯವಿರಲಿಲ್ಲ. ಮಾವ ಅದರಲ್ಲಿ ಮೊಣಕಾಲವರೆಗೆ ಇಳಿದು ನಿಂತು, ಗಡ್ಡೆ ಒಯ್ಯಲು ಬಂದ ಲಾರಿಯವರನ್ನು ಗೇಲಿ ಮಾಡುತ್ತಿದ್ದ.

"ಬೂಟು ಹಾಕ್ಕೊ ಮಾವ" ಎಂದರೆ, "ಬೂಟ್ ಹಾಕ್ಕಂಡ್ರ ಗಡ್ಡ ಮುರಿಯದು ಕಾಲ್ಗ ಹೆಂಗ್ ಗೊತ್ತಾದುದು ಕೂಸೆ?" ಎನ್ನುತ್ತಿದ್ದ. ಅವನ ಅಕ್ಕನ ಮಗಳಾದ ನಾನು ಗೂಡಲೂರಿನಲ್ಲಿ ಮೇಷ್ಟ್ರ ಕೆಲಸಕ್ಕೆ ಸೇರಿದ ಮೇಲೂ ಅವನಿಗೆ ಕೂಸೇ.

ಒಂದು ವರ್ಷ ಹೊಲದ ಏರು ಹತ್ತುವಾಗ ಎದೆ ಹಿಡಿದುಕೊಂಡು ಕೂತ. ಕೊಯಮತ್ತೂರಿಗೆ ಕರೆದೊಯ್ದೆವು. ಡಾಕ್ಟರು ಚಿತ್ರ ತೋರಿಸಿ, ಹೃದಯದ ರಕ್ತನಾಳದಲ್ಲಿ ಕೊಬ್ಬು ಕಟ್ಟಿದೆ ಎಂದರು. ಮಾವ ಚಿತ್ರ ನೋಡಿ, "ನಮ್ ತೊಟ್ಟಿ ಪೈಪ್ಗ ಮಣ್ ಕಟ್ದಂಗ ಕನ" ಎಂದು ತಾನೇ ಡಾಕ್ಟರಿಗೆ ತಿಳಿಸಿ ಹೇಳಿದ. ರಕ್ತ ಹೆಪ್ಪುಗಟ್ಟದಂತೆ ಒಂದು ಗುಳಿಗೆ ಕೊಟ್ಟರು. ಅದನ್ನು ಬರಿಹೊಟ್ಟೆಯಲ್ಲಿ ನುಂಗಬಾರದು, ಊಟವಾದ ಮೇಲೇ ನುಂಗಬೇಕು ಎಂದರು.

ಯಾರ ಮಾತೂ ಕೇಳದ ಮಾವ ಆ ಮಾತನ್ನು ಮಾತ್ರ ಶಿರಸಾವಹಿಸಿ ಪಾಲಿಸಿದ. ಉಂಡು ಕೈತೊಳೆದು ಅಂಗೈ ಚಾಚಿ, "ಅನ್ನ ಮುಂದ, ಗುಳಿಗ ಹಿಂದ" ಎಂದು ಕೂಗುತ್ತಿದ್ದ. ಅವನ ಹೆಂಡತಿ ನಿಂಗಮ್ಮತ್ತೆ ಸೆರಗಿನ ಗಂಟು ಬಿಚ್ಚಿ ಗುಳಿಗೆಯನ್ನು ಆ ಅಂಗೈಗೆ ಹಾಕುತ್ತಿದ್ದಳು. ಮಕ್ಕಳಿಲ್ಲದ ಮನೆ, ಇಬ್ಬರಿಗೂ ಅದೊಂದು ಆಟವಾಗಿತ್ತು.

ಮಂಜು ಬಿದ್ದು ಹುಲ್ಲೆಲ್ಲ ಸುಟ್ಟುಹೋದ ಒಂದು ಜನವರಿಯಲ್ಲಿ ಊರಿಗೆ ಊರೇ ಕೆಮ್ಮುತ್ತಿತ್ತು. ಮಾವನಿಗೂ ಜ್ವರ. ಭಾನುವಾರ ಬಸ್ಸು ಹಿಡಿದು ಹೋದೆ. ಎರಡು ಕಂಬಳಿ ಹೊದ್ದು ಒಲೆಯ ಹತ್ತಿರ ಮಲಗಿದ್ದ. ಬಿಸಿನೀರು ಬಿಟ್ಟು ಬೇರೇನೂ ಮುಟ್ಟುತ್ತಿಲ್ಲವೆಂದು ಅತ್ತೆ ಹೇಳಿದಳು. ಜ್ವರಕ್ಕೆ ಲಂಘನ ಹಾಕುವುದು ನಮ್ಮ ಮನೆತನದ ರೂಢಿ.

"ಜೊರಕ್ಕ ಅನ್ನ ಹಾಕುದ್ರ ಅದು ನಮ್ಮನಲೇ ಕೂತ್ಕತ್ತುದ ಕೂಸೆ. ಉಪಾಸ ಕೆಡವುದ್ರ ತಾನೇ ಜಾಗ ಖಾಲಿ ಮಾಡ್ತುದ" ಎಂದು ಮಾವ ನಕ್ಕ. ನಕ್ಕಿದ್ದಕ್ಕೆ ಕೆಮ್ಮು ಬಂತು. ಹೊರಟಾಗ, "ಮುಂದಿನ್ ವಾರ ಬಾ, ಎಳೇ ಗಡ್ಡ ತುಳ್ದು ಇಟ್ಟಿರ್ತೀನಿ" ಎಂದ. ಅದೇ ಕೊನೆ.

ಜ್ವರ ಇಳಿದ ಬೆಳಿಗ್ಗೆ ತೊಟ್ಟಿಯ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದವನು ಹಾಗೇ ಪಕ್ಕಕ್ಕೆ ವಾಲಿದನಂತೆ. ಜೀಪಿನಲ್ಲಿ ಊಟಿ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದ. ನಾನು ತಲುಪಿದಾಗ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ, ಹೃದಯದ ಗುಳಿಗೆ ತಪ್ಪದೆ ತೆಗೆದುಕೊಳ್ಳುತ್ತಿದ್ದರೇ ಎಂದು. ಹೊರಗೆ ಬೆಂಚಿನ ಮೇಲಿದ್ದ ಅತ್ತೆಯನ್ನು ಕೇಳಿದೆ.

"ಅನ್ನವೇ ಉಣ್ನಿಲ್ವಲ್ಲ ಕೂಸೆ, ಬರೀ ಹೊಟ್ಟಗ ಗುಳಿಗ ಹೆಂಗ್ ಕೊಡ್ಲಿ? ಕೊಡ್ಬ್ಯಾಡಿ ಅಂದಿದ್ರಲ್ಲ."

ಒಳಗೆ ಹೋಗಿ ಅದನ್ನೇ ಹೇಳಿದೆ. ಡಾಕ್ಟರು ಕುರ್ಚಿ ತೋರಿಸಿ ಕೂರಿಸಿದರು. ಇಂಥ ಜ್ವರದ ವೈರಸ್ಸು ಮೂಗು ಗಂಟಲಿಗೇ ನಿಲ್ಲುವುದಿಲ್ಲ, ರಕ್ತನಾಳಗಳ ಒಳಗೂ ಉರಿಯೂತ ಏಳುತ್ತದೆ, ಕಟ್ಟಿಕೊಂಡಿದ್ದ ಕೊಬ್ಬು ಬಿರಿದು ಅಲ್ಲಿ ರಕ್ತ ಹೆಪ್ಪಾಗುತ್ತದೆ, ಜ್ವರ ಬಿಟ್ಟ ಮೇಲೂ ಕೆಲವು ದಿನ ಆ ಭಯ ಇದ್ದೇ ಇರುತ್ತದೆ ಎಂದರು. ಆ ದಿನಗಳಲ್ಲೇ ಗುಳಿಗೆ ತಪ್ಪಬಾರದಿತ್ತಂತೆ. ಕೊಟ್ಟಿದ್ದರೆ ಉಳಿಯುತ್ತಿದ್ದರು ಎಂದೂ ಹೇಳಲಾರೆ ಎಂದರು. ಒಂದು ಲೋಟ ಗಂಜಿ ಕುಡಿಸಿ ಕೊಡಬಹುದಿತ್ತು ಎಂದು ಆಮೇಲೆ ಎಷ್ಟು ಸಲ ಅಂದುಕೊಂಡು ಅತ್ತಿದ್ದೇನೋ. ಅತ್ತೆಗೆ ಮಾತ್ರ ಹೇಳಲಿಲ್ಲ.

ತಿಥಿಯ ದಿನ ಅತ್ತೆ ಎಡೆ ಇಟ್ಟಳು. ಅನ್ನ, ಅವರೆಕಾಳು ಸಾರು, ತೊಟ್ಟಿಯಲ್ಲಿ ತಾನೇ ತುಳಿದು ತೊಳೆದ ಎಳೇ ಕ್ಯಾರೆಟ್ಟಿನ ಪಲ್ಯ. ಹೋದವನು ಬಂದು ಉಣ್ಣಲಿ ಎಂದು ಕದ ಮುಂದೆ ಮಾಡಿ ಎಲ್ಲರೂ ಹೊರಗೆ ಕಾದೆವು. ತೆಗೆದಾಗ ಅತ್ತೆ ಒಬ್ಬಳೇ ಎಲೆಯ ಹತ್ತಿರ ಹೋಗಿ ಕೂತು, ಸೆರಗಿನ ಗಂಟು ಬಿಚ್ಚಿ, ನೀರಿನ ಲೋಟದ ಪಕ್ಕ ಗುಳಿಗೆ ಇಟ್ಟಳು.

"ಇವತ್ತು ಉಂಡವ್ರ ಕೂಸೆ" ಎಂದಳು ನನ್ನ ಕಡೆ ತಿರುಗಿ. "ಈಗ ಕೊಡ್ಬೋದು."