ಸರೋಜಮ್ಮನ ಬೀಸಣಿಗೆ

ದೆವ್ವ, ಭೂತ, ಪೂರ್ವಸೂಚನೆ ಇಂಥವನ್ನು ನಾನು ಯಾವತ್ತೂ ನಂಬಿದವಳಲ್ಲ. ಯಾರಾದರೂ ಇಂಥ ಕಥೆ ಶುರು ಮಾಡಿದರೆ ‘ಆಗ ಗಂಟೆ ಎಷ್ಟು? ಜೊತೆಯಲ್ಲಿ ಯಾರಿದ್ರು?’ ಎಂದು ಅಡ್ಡಪ್ರಶ್ನೆ ಹಾಕಿ ಅವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಗಣಿತ ಕಲಿಸಿದವಳು ನಾನು. ಪರೀಕ್ಷಾ ಕೊಠಡಿಯಲ್ಲಿ ಯಾರ ಹತ್ತಿರ ಚೀಟಿ ಇದೆ ಎಂಬುದು ಮಕ್ಕಳ ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು. ನಿವೃತ್ತಿಯಾದ ಮೇಲೂ ಆ ಅನುಮಾನದ ಬುದ್ಧಿ ನನ್ನನ್ನು ಬಿಡಲಿಲ್ಲ. ಅದು ಏನು ಮಾಡಿತು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ನಿವೃತ್ತ ಶಿಕ್ಷಕರ ಒಂದು ಗುಂಪಿನ ಜೊತೆ ನಾನೂ ನಮ್ಮವರೂ ಬಾಲಿಗೆ ಹೋದೆವು. ಅದೇ ನಮ್ಮ ಮೊದಲ ವಿದೇಶ ಪ್ರವಾಸ. ಮನೆಯ ಒಂದು ಕೀ ಎಂದಿನಂತೆ ಸರೋಜಮ್ಮನ ಹತ್ತಿರ ಇತ್ತು. ಗೋವಿಂದರಾಜನಗರದ ನಮ್ಮ ಕ್ರಾಸು ಎಷ್ಟು ಕಿರಿದೆಂದರೆ, ಎದುರುಮನೆಯ ಸರೋಜಮ್ಮ ಅವರ ವರಾಂಡದಲ್ಲಿ ಕೂತು ಮಾತಾಡಿದರೆ ನನ್ನ ಅಡುಗೆಮನೆಗೆ ಕೇಳುತ್ತದೆ. ನನಗಿಂತ ಹನ್ನೆರಡು ವರ್ಷ ದೊಡ್ಡವರು. ನನ್ನನ್ನು ‘ಟೀಚರಮ್ಮ’ ಎಂದೇ ಕರೆದರೂ ಮಾತೆಲ್ಲ ‘ಬಾರೇ, ಹೋಗೇ’. ಇಪ್ಪತ್ತು ವರ್ಷದಿಂದ ನಮ್ಮ ಮನೆ ಕೀ ಅವರ ದೇವರಮನೆಯ ಮೊಳೆಯಲ್ಲಿ ತೂಗುತ್ತಿತ್ತು.

ವಿದೇಶಕ್ಕೆ ಹೋದವರು ಬರಿಗೈಯಲ್ಲಿ ಬಂದರೆ ನಮ್ಮ ಕ್ರಾಸಿನಲ್ಲಿ ತಲೆಯೆತ್ತಿ ಓಡಾಡುವ ಹಾಗಿಲ್ಲ. ಹನ್ನೊಂದು ಜನರಿಗೆ ಏನಾದರೂ ತರಲೇಬೇಕಿತ್ತು. ಒಡೆಯಬಾರದು, ಸೋರಬಾರದು, ತೂಕ ಇರಬಾರದು, ಏರ್‌ಪೋರ್ಟಿನಲ್ಲಿ ಯಾರೂ ‘ಇದೇನು’ ಅನ್ನಬಾರದು. ಜೊತೆಗಿದ್ದವರು ಚಿಪ್ಪಿನ ದೀಪ, ಮರದ ಬೆಕ್ಕು ಎಂದು ಬ್ಯಾಗಿನ ಹೊಟ್ಟೆ ಒಡೆಯುವಷ್ಟು ತುಂಬಿಕೊಂಡರು. ನಾನು ಫ್ರಿಜ್ ಮೇಲೆ ಅಂಟಿಸುವ ಮ್ಯಾಗ್ನೆಟ್ಟು, ಕೀ ಚೈನು, ಸಂಪಿಗೆ ಸೋಪು, ಕರ್ಚೀಫು ಇಷ್ಟರಲ್ಲೇ ಮುಗಿಸಿದೆ.

ಸರೋಜಮ್ಮನಿಗೆ ಮಾತ್ರ ಮನಸ್ಸಿಟ್ಟು ಹುಡುಕಿದೆ. ಕರೆಂಟು ಹೋದಾಗ ಅವರು ಗಾಳಿ ಬೀಸಿಕೊಳ್ಳುವುದು ಮದುವೆ ಕಾಗದದಲ್ಲಿ. ದಪ್ಪನೆಯ ಕಾಗದ ಬಂದರೆ, ಮದುವೆಗೆ ಹೋಗದಿದ್ದರೂ ಕಾಗದ ಜೋಪಾನ. ಮಾರ್ಕೆಟ್ಟಿನಲ್ಲಿ ಕರಿಮರದ ಕಡ್ಡಿಯ, ನೀಲಿ ಬಟ್ಟೆಯ ಮಡಿಸುವ ಬೀಸಣಿಗೆ ಕಂಡ ತಕ್ಷಣ ಇದು ಅವರದೇ ಅನ್ನಿಸಿತು. ಮಡಿಸಿದರೆ ಕನ್ನಡಕದ ಡಬ್ಬಿಯಷ್ಟು.

ಸೋಮವಾರ ಸಂಜೆ ಹೋಟೆಲ್ ರೂಮಿನಲ್ಲಿ, ಪ್ರವಾಸದ ಕಾರ್ಯಕ್ರಮದ ಹಾಳೆಯನ್ನೇ ಹರಿದು ಹನ್ನೊಂದು ಚೀಟಿ ಮಾಡಿ, ಹೆಸರು ಬರೆದು ಒಂದೊಂದಕ್ಕೂ ಸಿಕ್ಕಿಸಿದೆ. ಸೂಟ್‌ಕೇಸಿಗೆ ನಂಬರ್ ಲಾಕ್ ಹಾಕಿದೆ. ಮರೆಯಬಾರದೆಂದು ನಮ್ಮ ಮನೆಯ ನಂಬರನ್ನೇ ಇಟ್ಟಿದ್ದೆ. ಆ ನಂಬರು ಇಡೀ ಕ್ರಾಸಿಗೇ ಗೊತ್ತು ಎಂಬುದು ಗಣಿತದ ಟೀಚರಿಗೆ ಹೊಳೆಯಲಿಲ್ಲ. ಮಂಗಳವಾರ ಎಲ್ಲರೂ ಸಮುದ್ರದ ದಡದ ದೇವಸ್ಥಾನಕ್ಕೆ ಹೋದರು. ನನಗೆ ವಿಪರೀತ ತಲೆನೋವು. ರೂಮಿನಲ್ಲೇ ಮಲಗಿಬಿಟ್ಟೆ.

ಶುಕ್ರವಾರ ಬೆಳಿಗ್ಗೆ ಮನೆ ಸೇರಿದೆವು. ಸೂಟ್‌ಕೇಸನ್ನು ಹಾಲಿನಲ್ಲೇ ಬಿಟ್ಟು ಇಬ್ಬರೂ ಮಧ್ಯಾಹ್ನದವರೆಗೆ ನಿದ್ದೆ ಮಾಡಿದೆವು. ಸಂಜೆ ಲಾಕ್ ತೆಗೆದು ನೋಡಿದರೆ ಹತ್ತೇ ಉಡುಗೊರೆ. ಬೀಸಣಿಗೆ ಇಲ್ಲ. ಬಟ್ಟೆಯನ್ನೆಲ್ಲ ಕೊಡವಿ ನೋಡಿದೆ. ಹೋಟೆಲಿನವರ ಮೇಲೆ ಅನುಮಾನ ಬಂತು. ‘ಎಷ್ಟು ಚೆನ್ನಾಗಿದೆ ರೀ’ ಎಂದು ಬೀಸಣಿಗೆಯನ್ನು ಎರಡು ಸಲ ಬಿಚ್ಚಿ ನೋಡಿದ್ದ ಸಹೋದ್ಯೋಗಿಯ ಮೇಲೂ ಬಂತು. ಕೊನೆಗೆ ಒಂದು ಸೋಪು ಹಿಡಿದುಕೊಂಡು ಎದುರುಮನೆಗೆ ಹೋದೆ.

ಸರೋಜಮ್ಮ ವರಾಂಡದಲ್ಲಿ ಕೂತು ಗಾಳಿ ಬೀಸಿಕೊಳ್ಳುತ್ತಿದ್ದರು. ನೀಲಿ ಬಟ್ಟೆ, ಕರಿಮರದ ಕಡ್ಡಿ. ಕೊನೆಯ ಎರಡು ಕಡ್ಡಿಗಳ ನಡುವೆ ನನ್ನ ಚೀಟಿ ಇನ್ನೂ ಸಿಕ್ಕಿಕೊಂಡಿತ್ತು.

“ಇದು ಬೇರೆ ಯಾಕೆ ತಂದೆ? ಅವತ್ತೇ ಕೊಟ್ಯಲ್ಲೇ” ಎಂದರು ಸೋಪು ನೋಡಿ.

“ಯಾವತ್ತು?”

“ಮಂಗಳವಾರ. ಸೊಪ್ಪಿನವನು ಹೋದ್ಮೇಲೆ, ಮೂರು ಗಂಟೆ ಇರ್ಬೇಕು. ಬರಿಗಾಲಲ್ಲಿ ಬಂದು ನಿಂತಿದ್ದೆ. ಒಳಗೆ ಬಾರೇ ಅಂದ್ರೆ ಬರ್ಲಿಲ್ಲ. ಮುಖ ಯಾಕೆ ಹಿಂಗಿದೆ ಅಂದ್ರೆ ತಲೆನೋವು ಅಂದೆ. ವಾಪಸ್ ಬಂದ್ಬಿಟ್ರೇನೋ ಅಂದ್ಕೊಂಡೆ. ಆಮೇಲೆ ನೋಡಿದ್ರೆ ನಿಮ್ಮನೆ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು.”

“ಮಂಗಳವಾರ ನಾನು ಬಾಲೀಲಿದ್ದೆ, ಸರೋಜಮ್ಮ.”

“ನಿನ್ನ ಟೂರಿನ ಲೆಕ್ಕ ನನಗೇನು ಗೊತ್ತಮ್ಮ” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಕೀ ಅವರ ಹತ್ತಿರ ಇದೆ. ಲಾಕಿನ ನಂಬರು ನಮ್ಮ ಬಾಗಿಲ ಮೇಲೇ ಬರೆದಿದೆ. ನಾವು ಬೆಳಿಗ್ಗೆಯಿಂದ ಮೈಮರೆತು ಮಲಗಿದ್ದೆವು. ಲೆಕ್ಕ ಸರಿಹೋಯಿತು. ಸಿಕ್ಕಿಬಿದ್ದ ಮಕ್ಕಳ ಹತ್ತಿರ ಮಾತಾಡುತ್ತಿದ್ದ ದನಿಯಲ್ಲೇ ಹೇಳಿಬಿಟ್ಟೆ: “ಹೇಗೂ ನಿಮಗೇ ಅಂತ ತಂದಿದ್ದು. ನಾನು ಕೊಡೋವರೆಗೂ ಕಾಯ್ಬಹುದಿತ್ತು.”

ಅವರು ಬೀಸಣಿಗೆ ಮಡಿಸಿದರು. ಒಳಗೆ ಹೋಗಿ ಕೀ ತಂದು, ಎರಡನ್ನೂ ನನ್ನ ಕೈಗಿಟ್ಟರು. “ತಗೊಳ್ಳಿ ಟೀಚರೇ, ನಿಮ್ಮನೆ ಕೀ” ಎಂದರು. ಇಪ್ಪತ್ತು ವರ್ಷದಲ್ಲಿ ಅವರು ನನಗೆ ಬಹುವಚನ ಹಾಕಿದ್ದು ಅದೇ ಮೊದಲು.

ಮನೆಗೆ ಬಂದು ಚೀಟಿಯ ಹರಿದ ಅಂಚನ್ನು ಉಳಿದ ಹಾಳೆಗೆ ಹೊಂದಿಸಿ ನೋಡಿದೆ. ಸರಿಯಾಗಿ ಕೂತಿತು. “ಬಿಡೇ, ಅವರಿಗೆ ಸೇರಬೇಕಾದ್ದು ಅವರಿಗೆ ಸೇರಿತ್ತು” ಎಂದರು ನಮ್ಮವರು. ನಾನು ಬಿಡಲಿಲ್ಲ; ಎದುರುಮನೆಯ ಕಡೆ ಮತ್ತೆ ಹೋಗಲೂ ಇಲ್ಲ. ಹದಿನೈದು ದಿನದಲ್ಲಿ ಸರೋಜಮ್ಮ ಮನೆ ಖಾಲಿ ಮಾಡಿ ಕೆಂಗೇರಿಯ ಮಗಳ ಮನೆಗೆ ಹೊರಟರು. ನನಗೆ ಹೇಳಿಹೋಗಲಿಲ್ಲ.

ಅವರು ಹೊರಟುಹೋದ ವಾರ ಹೂವಿನ ಗೌರಮ್ಮ ನಮ್ಮ ಬಾಗಿಲಲ್ಲಿ ಮೊಳ ಹಾಕುತ್ತ ಅದೂ ಇದೂ ಮಾತಾಡುತ್ತಿದ್ದವಳು, ಹಾಲಿನ ಮೇಜಿನ ಮೇಲಿದ್ದ ಬೀಸಣಿಗೆ ನೋಡಿದಳು. “ಪಾಪ, ಅಜ್ಜಿ ಆ ನೀಲಿ ಬೀಸಣಿಗೆ ಬಿಟ್ಟುಹೋದ್ರಾ? ಅವತ್ತು ಬುಧವಾರ ಕರೆಂಟ್ ಇರ್ಲಿಲ್ಲ, ಟೀಚರಮ್ಮ ತಂದ್ಕೊಟ್ಟಿದ್ದು ಕಣೇ ಅಂತ ನಂಗೂ ಗಾಳಿ ಬೀಸಿದ್ರು.”

“ಯಾವ ಬುಧವಾರ?”

“ನೀವಿನ್ನೂ ಫಾರಿನ್ನಲ್ಲೇ ಇದ್ರಲ್ಲಕ್ಕ. ನಿಮ್ಮನೆ ಬೀಗ ಹಾಕಿತ್ತು, ನಿಮ್ಮ ಪಾಲಿನ ಹೂವೂ ಅಜ್ಜಿ ಕೈಲೇ ಕೊಟ್ಟೆ.”

ಎಷ್ಟು ಅಡ್ಡಪ್ರಶ್ನೆ ಹಾಕಿದರೂ ಅವಳು ಬುಧವಾರ ಬಿಟ್ಟು ಕದಲಲಿಲ್ಲ. ಆಗ ಇನ್ನೊಂದು ವಿಷಯ ನೆನಪಾಯಿತು. ಆ ಮಂಗಳವಾರ ದೇವಸ್ಥಾನದಿಂದ ಬಂದ ನಮ್ಮವರು ರೂಮಿನ ಬಾಗಿಲು ಬಡಿದು ಬಡಿದು ಸಾಕಾಗಿ, ಕೆಳಗೆ ಹೋಗಿ ಟೀ ಕುಡಿದು ಬಂದಿದ್ದರಂತೆ. ‘ಎಲ್ಲಿಗೆ ಹೋಗಿದ್ದೆ?’ ಎಂದು ಕೇಳಿದ್ದರು. ನಿದ್ದೆ ಬಂದಿತ್ತು ಎಂದಿದ್ದೆ. ಅಲ್ಲಿ ಆಗ ಐದೂವರೆ. ಬಾಲಿಗೂ ನಮಗೂ ಎರಡೂವರೆ ಗಂಟೆ ವ್ಯತ್ಯಾಸ. ಕಳೆದರೆ ಎಷ್ಟು ಬರುತ್ತದೆಂದು ನಾನು ಹೇಳಬೇಕಾಗಿಲ್ಲ.

ಇವತ್ತಿಗೂ ನನ್ನ ಅನುಮಾನ ಪೂರ್ತಿ ಹೋಗಿಲ್ಲ. ಅಜ್ಜಿಯ ಮೇಲಿನ ಪ್ರೀತಿಗೆ ಗೌರಮ್ಮ ಸುಳ್ಳು ಹೇಳಿರಬಹುದೇ? ಇಲ್ಲ ದಿನವನ್ನೇ ತಪ್ಪಾಗಿ ನೆನಪಿಟ್ಟುಕೊಂಡಿರಬಹುದೇ? ಯಾವ ದಾರಿಯಲ್ಲಿ ಹೋದರೂ ಉತ್ತರ ಸಿಗುವುದಿಲ್ಲ. ಸರೋಜಮ್ಮ ಕಳ್ಳಿಯಲ್ಲ ಎಂಬುದೊಂದು ಮಾತ್ರ, ಯಾವ ಸಾಕ್ಷಿಯೂ ಬೇಡದೆ, ಮೊದಲೇ ಗೊತ್ತಿರಬೇಕಿತ್ತು. ಅದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಒಂದು ಮಧ್ಯಾಹ್ನ ಬೀಸಣಿಗೆಯನ್ನು ಬ್ಯಾಗಿಗೆ ಹಾಕಿಕೊಂಡು, ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ಬೆಲ್ ಮಾಡಿದೆ. ಸರೋಜಮ್ಮ ಒಳಬಾಗಿಲು ತೆಗೆದರು. ಹೊರಗಿನ ಗ್ರಿಲ್ಲಿಗೆ ಬೀಗವಿತ್ತು. ಅವರು ನನ್ನ ಮುಖ ನೋಡಲಿಲ್ಲ. ಗ್ರಿಲ್ಲಿನ ಸಂದಿಯಿಂದ ಮೊದಲು ನನ್ನ ಕಾಲು ನೋಡಿದರು.

“ತಪ್ಪಾಯ್ತು ಸರೋಜಮ್ಮ. ಇದು ನಿಮ್ಮದು” ಎಂದು ಬೀಸಣಿಗೆಯನ್ನು ಸರಳುಗಳ ನಡುವೆ ಚಾಚಿದೆ.

ಅವರು ಕೈ ನೀಡಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದರು. “ಅವತ್ತೂ ಹಿಂಗೇ ಚಾಚಿದ್ರಿ” ಎಂದರು. “ಮಗಳು ಬರ್ಲಿ. ಅವಳು ನೋಡಿ, ನೀವೇ ಅಂದ್ರೆ ತೆಗೀತೀನಿ.”

ಬಾಗಿಲು ಮುಚ್ಚಿತು. ನಾನು ಮೆಟ್ಟಿಲ ಮೇಲೆ ಕೂತೆ. ಸೆಕೆ ತಡೆಯದೆ ಅದೇ ಬೀಸಣಿಗೆಯಿಂದ ಗಾಳಿ ಬೀಸಿಕೊಂಡೆ. ಐದು ಗಂಟೆಗೆ ಮಗಳು ಆಫೀಸಿನಿಂದ ಬಂದಳು.

“ಅಯ್ಯೋ ಆಂಟಿ, ನೀವಾ!” ಎಂದಳು. “ಹೊರಗೆ ಯಾಕೆ ಕೂತಿದೀರ? ಅಮ್ಮ ಒಳಗೇ ಇದಾರಲ್ಲ.”

ಒಳಬಾಗಿಲ ಹಿಂದೆ ಸರೋಜಮ್ಮ ಚಿಲಕ ತೆಗೆಯದೆ ನಿಂತಿರುವುದು ಅವರ ಬಳೆಯ ಸದ್ದಿನಿಂದ ನನಗೆ ಗೊತ್ತಾಗುತ್ತಿತ್ತು. ನನ್ನ ಉತ್ತರಕ್ಕೆ ಅವರೂ ಕಾಯುತ್ತಿದ್ದರು.