ದೇವದಾಸಣ್ಣನ ರಕ್ತದಾನಿಗಳ ಪಟ್ಟಿ

ನಮ್ಮ ಡೊಂಬಿವಲಿಯ ಕನ್ನಡ ಸಂಘದಲ್ಲಿ ಯಾರಿಗೆ ರಕ್ತ ಬೇಕಾದರೂ ದೇವದಾಸಣ್ಣನ ನೋಟ್‌ಬುಕ್ಕೇ ಗತಿ. ಹೋಟೆಲಿನ ಗಲ್ಲಾದಲ್ಲಿ ಕೂತು ಹದಿನೈದು ವರ್ಷ ಬರೆದದ್ದು. ಒಂದು ಅಡ್ಡಸಾಲಿಗೆ ಒಬ್ಬ ಮನುಷ್ಯ: ಹೆಸರು, ಫೋನು, ಬ್ಲಡ್ ಗ್ರೂಪು. ಮುನ್ನೂರ ಹನ್ನೆರಡು ಜನ.

2011ರಲ್ಲಿ ಅದನ್ನು ಕಂಪ್ಯೂಟರಿಗೆ ಹಾಕಿ ಎಂದು ಅವರ ಬೆನ್ನು ಬಿದ್ದವನು ಸಂಘದ ಕಾರ್ಯದರ್ಶಿಯಾದ ನಾನು. ನವಿ ಮುಂಬೈಯ ಮಹಾಪೆಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಅಶ್ಮಿತಾ ಎಕ್ಸೆಲ್ ಕಲಿಸಿದಳು. ಒಂದೊಂದೇ ಅಕ್ಷರ ಹುಡುಕಿ ಎರಡು ತಿಂಗಳು ಒತ್ತಿದರು ಪುಣ್ಯಾತ್ಮ. ಮುಗಿದ ವಾರವೇ ಆ ಹರಕು ನೋಟ್‌ಬುಕ್ಕನ್ನು ರದ್ದಿಗೆ ಹಾಕಿಸಿದವನೂ ನಾನೇ. ನನ್ನ ಬುದ್ಧಿಗಿಷ್ಟು!

ಒಂದೇ ಗ್ರೂಪಿನವರು ಒಟ್ಟಿಗೆ ಬಂದರೆ ಹುಡುಕಲು ಸುಲಭ ಎಂದು ದೇವದಾಸಣ್ಣನಿಗೆ ಅನಿಸಿತು. ಗ್ರೂಪಿನ ಕಂಬಸಾಲನ್ನು ಮಾತ್ರ ಹಿಡಿದು ಕ್ರಮಕ್ಕೆ ಹಾಕಿದರು. ಉಳಿದದ್ದನ್ನೂ ಜೊತೆಗೆ ಸರಿಸಲೇ ಎಂದು ಕಂಪ್ಯೂಟರ್ ಇಂಗ್ಲಿಷಿನಲ್ಲಿ ಕೇಳಿತಂತೆ. ಬೇಡ ಅಂದರು. ಗ್ರೂಪುಗಳು ಜಾಗ ಬಿಟ್ಟವು, ಹೆಸರುಗಳು ಇದ್ದಲ್ಲೇ ಉಳಿದವು. ನೋಡಲು ಚೆಂದವೇ ಇತ್ತು. ಸೇವ್ ಮಾಡಿ ಮುಚ್ಚಿದರು.

ಮಳೆಗಾಲದಲ್ಲಿ ಅವರ ತಂಗಿಯ ಮಗಳು ಜಯಲತಾಳಿಗೆ ಹೆರಿಗೆಯಾಯಿತು. ಅವರೇ ಸಾಕಿದ ಹುಡುಗಿ. ಮಗು ಹುಟ್ಟಿತು, ರಕ್ತ ನಿಲ್ಲಲಿಲ್ಲ. ಬೇಕಾದದ್ದು ಓ ನೆಗೆಟಿವ್. ಆಸ್ಪತ್ರೆಯಲ್ಲಿ ಒಂದೇ ಬಾಟಲಿ ಇತ್ತು. ಅವಳ ಗಂಡ ಕೀರ್ತನ್ ಫೋನಿನಲ್ಲಿ ಅಳುತ್ತಿದ್ದ.

"ಹೆದರ್ಬೇಡ ಮಾರಾಯ, ನನ್ನ ಹತ್ರ ಓ ನೆಗೆಟಿವ್ ಒಂಬತ್ತು ಜನ ಉಂಟು," ಎಂದು ದೇವದಾಸಣ್ಣ ಸಂಘದ ಕೋಣೆಗೆ ಓಡಿ ಬಂದು ಪಟ್ಟಿ ತೆರೆದರು.

ಮೊದಲನೆಯವ, "ನಂದು ಬಿ ಪಾಸಿಟಿವ್ ಅಲ್ವಾ ಅಣ್ಣ?" ಅಂದ. ಎರಡನೆಯವಳದು ಎ ಪಾಸಿಟಿವ್. ಐದನೆಯವನದೂ ಬೇರೆಯೇ ಎಂದಾಗ ಅವರು ಫೋನು ಕೆಳಗಿಟ್ಟು ಪಟ್ಟಿಯನ್ನು ಮೇಲೆ ಕೆಳಗೆ ಸರಿಸತೊಡಗಿದರು.

"ಅಯ್ಯೋ ದೇವರೇ, ಎಂಥ ಮಾಡಿಬಿಟ್ಟೆ ನಾನು? ಒಂಬತ್ತೂ ಜನ ಇದರಲ್ಲೇ ಇದ್ದಾರೆ, ಯಾರೂಂತ ಗೊತ್ತಾಗುದಿಲ್ಲವಲ್ಲ!"

ಅಶ್ಮಿತಾಳಿಗೆ ಫೋನು ಮಾಡಿದೆ. "ಸೇವ್ ಮಾಡಿ ಬಂದ್ ಮಾಡಿದ್ರೆ ವಾಪಸ್ ಬರಲ್ಲ ಅಂಕಲ್," ಅಂದಳು. ಮತ್ತೇನು ಮಾಡುವುದು? ಮೇಲಿನಿಂದ ಒಬ್ಬೊಬ್ಬರನ್ನೇ ಕೇಳುತ್ತಾ ಬಂದೆವು. ಕೆಲವರು ಲೋಕಲ್ ಟ್ರೈನಿನಲ್ಲಿ, ಮಾತೇ ಕೇಳಿಸುವುದಿಲ್ಲ. ಕೆಲವರ ನಂಬರೇ ಬಂದ್. ನೂರ ನಲವತ್ತನೇ ಸಾಲಿಗೆ ಬಂದಾಗ ಕೀರ್ತನ್ ಫೋನು ಮಾಡಿ, ಇನ್ನು ಯಾರೂ ಬೇಡ ಅಂದ.

ಜಯಲತಾಳ ಹದಿಮೂರನೇ ದಿನದ ಊಟಕ್ಕೆ ಎದುರಿನ ಬಿಲ್ಡಿಂಗಿನ ಮಾಪಣ್ಣ ಬಂದಿದ್ದ. ದೇವದಾಸಣ್ಣನ ಪಕ್ಕದಲ್ಲೇ ಕೂತ.

"ನಂದು ಓ ನೆಗೆಟಿವ್ ಅಲ್ವಾ ಅಣ್ಣ? ನೀವೇ ಬರ್ಕೊಂಡದ್ದು. ಆ ದಿನ ಮನೆಯಲ್ಲೇ ಇದ್ದೆ. ನಂಗ್ಯಾಕೆ ಒಂದು ಫೋನ್ ಮಾಡ್ಲಿಲ್ಲ?"

ದೇವದಾಸಣ್ಣ ಎಲೆಯ ಮೇಲೆ ಕೈ ಇಟ್ಟವರು ಎತ್ತಲಿಲ್ಲ. ಮಾಪಣ್ಣನ ಹೆಸರು ಇದ್ದದ್ದು ನೂರ ನಲವತ್ತಮೂರನೇ ಸಾಲಿನಲ್ಲಿ.