ಬಾಗಿಲು ತೆರೆದಿಟ್ಟು ಉಂಡ ರತ್ನಾವತಿ

ತಮಿಳು ಸೀಮೆಯ ಪಲ್ಲಾವರಂನ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ರತ್ನಾವತಿಗೆ ಹಸಿವು ಯಾವುದು, ಎದೆಯುರಿ ಯಾವುದು ಎಂಬುದೇ ಮರೆತುಹೋಗಿತ್ತು. ಬೆಳಗಿನ ಪಾಳಿಗೆ ಮೈ ಒಗ್ಗುವ ಮೊದಲೇ ಮಧ್ಯಾಹ್ನದ್ದು, ಅದರ ಬೆನ್ನಿಗೇ ರಾತ್ರಿಯದು. ಹಗಲಲ್ಲಿ ಕಿಟಕಿಗೆ ದಪ್ಪ ಸೀರೆ ಕಟ್ಟಿ ಮಲಗಿದರೆ ಹತ್ತಿರದ ನಿಲ್ದಾಣದ ವಿಮಾನಗಳ ಸದ್ದು. ಅದು ನಿಂತರೆ ಹೊಟ್ಟೆಯ ಗುಡುಗುಡು. ಗಂಡ ಶೀನ ಮೈಲಾಪೂರಿನ ಹೋಟೆಲಲ್ಲಿ ಅಡುಗೆಯವನು. "ಊರಿಗೆಲ್ಲ ಬೇಯ್ಸಿ ಹಾಕೂದು ನಾನು, ನಿನ್ನ ಗಂಟಲಲ್ಲಿ ಇಳಿಯೂದು ಬರೀ ಗಂಜಿತಿಳಿ. ಎಂಥ ಕರ್ಮ ಮಾರಾಯ್ತಿ!" ಎಂದು ಗೊಣಗುತ್ತಿದ್ದ. ಡಾಕ್ಟರು ಮಾತ್ರೆ ಕೊಟ್ಟು, ಹೊತ್ತಿಗೆ ಸರಿಯಾಗಿ ಉಂಡು ಮಲಗಿ ಎಂದಾಗ ಅವಳಿಗೆ ನಗು ಬಂದಿತ್ತು.

ಒಂದು ದಿನ, ರಾತ್ರಿ ಪಾಳಿ ಮುಗಿಸಿ ಹೋದವಳನ್ನು ಜನ ಸಾಲದೆಂದು ಮಧ್ಯಾಹ್ನ ಮತ್ತೆ ಕರೆಸಿದರು. ಒಬ್ಬ ರೋಗಿಯ ಹಾಸಿಗೆಯ ಬಳಿ ಸಿರಿಂಜ್ ಹಿಡಿದು ನಿಂತಲ್ಲೇ ಕಣ್ಣು ಮುಚ್ಚಿತು. ತೆರೆದಾಗ ಅವಳ ಕೈಯಲ್ಲಿದ್ದದ್ದು ಪಕ್ಕದ ಹಾಸಿಗೆಯ ಅಜ್ಜನ ತೋಳು. ಚುಚ್ಚಿರಲಿಲ್ಲ, ಪುಣ್ಯ. ಸಿರಿಂಜನ್ನು ಜೊತೆಯವಳಿಗೆ ಒಪ್ಪಿಸಿ, ಕೈ ತೊಳೆದು, ಡ್ಯೂಟಿ ರೂಮಿನ ಬಾಗಿಲು ಅಗಲಕ್ಕೆ ತೆರೆದಿಟ್ಟು, ಊಟದ ಡಬ್ಬಿ ಬಿಚ್ಚಿ ಕೂತಳು. ಅಲ್ಲಿ ಬಾಗಿಲು ಮುಚ್ಚಿಕೊಂಡು, ನಿಂತೇ ಎರಡು ತುತ್ತು ನುಂಗುವುದು ನರ್ಸುಗಳ ರೂಢಿ.

ಮೈಸೂರು ಕಡೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ಅಮ್ಮಣ್ಣಿ ಬಂದು ಬಾಗಿಲಲ್ಲಿ ನಿಂತರು. "ಏನ್ರೀ ಇದು, ವಾರ್ಡಲ್ಲಿ ಅಷ್ಟು ಕೆಲ್ಸ ಇಟ್ಕೊಂಡು?"

"ಉಣ್ತಾ ಇದ್ದೇನೆ ಮೇಡಂ."

"ಗ್ಯಾಸು, ನಿದ್ದೆಗೇಡು ಎಲ್ಲ ನರ್ಸುಗಳಿಗೂ ಇದ್ದದ್ದೇ. ನಾನು ಸಹಿಸ್ಕೊಂಡಿಲ್ವಾ?"

"ನೀವು ಸಹಿಸಿದ್ರಿ ಅಂತ ನಾನೂ ಸಹಿಸ್ಬೇಕಾ? ಈಗಷ್ಟೇ ಒಬ್ರ ಇಂಜೆಕ್ಷನ್ ಇನ್ನೊಬ್ರಿಗೆ ಚುಚ್ಚುವವಳಿದ್ದೆ. ರಾತ್ರಿ ದುಡಿದವಳನ್ನು ಹಗಲು ಕರೀಬೇಡಿ. ಕರೆದ್ರೆ ನಾನು ಬರೂದಿಲ್ಲ."

"ಕೆಲ್ಸ ಹೋಗತ್ತೆ."

"ಹೋಗ್ಲಿ. ಜೀವ ನಂದು."

ಅಷ್ಟರಲ್ಲಿ ಇಬ್ಬರು ನರ್ಸುಗಳು ತಮ್ಮ ಡಬ್ಬಿ ತಂದು ಪಕ್ಕದಲ್ಲಿ ಕೂತರು. ನಾವೂ ಬರುವುದಿಲ್ಲ ಎಂದು ತಮಿಳಿನಲ್ಲಿ ಮೆಲ್ಲಗೆ, ಆದರೆ ಅಮ್ಮಣ್ಣಿಗೆ ಕೇಳುವಂತೆ ಹೇಳಿದರು.

ಆಡಳಿತದವರು ಕ್ಷಮೆ ಕೇಳು ಎಂದರು, ರತ್ನಾವತಿ ಕೇಳಲಿಲ್ಲ. ಶಿಕ್ಷೆಯೆಂದು ತಿಂಗಳಿಡೀ ರಾತ್ರಿ ಪಾಳಿಗೇ ಹಾಕಿದರು. ಆದದ್ದು ಬೇರೆ. ದಿನವೂ ಒಂದೇ ಹೊತ್ತಿಗೆ ಉಂಡು, ಒಂದೇ ಹೊತ್ತಿಗೆ ಮಲಗಿದ ಮೈ ನಿಧಾನಕ್ಕೆ ಲಯ ಹಿಡಿಯಿತು. ತಿಂಗಳ ಕೊನೆಗೆ ಆಡಳಿತದವರ ಮುಂದೆ ನಿಂತು, "ಈ ಶಿಕ್ಷೆ ಎಲ್ಲರಿಗೂ ಕೊಡಿ. ಒಂದು ತಿಂಗಳಿಡೀ ಒಂದೇ ಪಾಳಿ," ಎಂದಳು. ಬೆನ್ನ ಹಿಂದೆ ಇಡೀ ವಾರ್ಡಿನ ನರ್ಸುಗಳಿದ್ದರು. ಬಹಳ ಎಳೆದಾಡಿ, ಕಡೆಗೆ ಆಡಳಿತದವರು ಒಪ್ಪಿದರು.

ಅವಳ ಎದೆಯುರಿ ಪೂರ್ತಿ ಹೋಗಿಲ್ಲ. ಈಚೆಗೆ ಬಂದ ಮ್ಯಾನೇಜರ್ ಹಳೆಯ ಪದ್ಧತಿಗೇ ಮರಳೋಣ ಎಂದಾಗ, ಸಭೆಯಲ್ಲಿ ಆಗದು ಎಂದು ಮೊದಲು ಎದ್ದು ನಿಂತವಳು ಅವಳೇ.